ಎಕ್ಸ್‌ರೇ ವರದಿಯ ಕೊನೆಯ ಸಾಲು

೧೯೫೩ರ ಫೆಬ್ರವರಿ ೯ರಂದು, ಸೋಮವಾರ, ಬೆಳಗಿನ ಟಪಾಲಿನಲ್ಲಿ ಮಂಗಳೂರಿನಿಂದ ಏಳು ಎಕ್ಸ್‌ರೇ ವರದಿಗಳು ನಮ್ಮ ಆಸ್ಪತ್ರೆಗೆ ಬಂದವು. ಮುಳ್ಳೇರಿಯದ ಕಡೆಯ ಪ್ರಾಥಮಿಕ ಶಾಲೆಯೊಂದರಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡುತ್ತಿದ್ದ ಇಪ್ಪತ್ತನಾಲ್ಕು ವರ್ಷದ ಟೀಚರ್ ಒಬ್ಬರ ಎಡ ಶ್ವಾಸಕೋಶದಲ್ಲಿ ಕ್ಷಯವಿದೆ ಎಂದು ಅವುಗಳಲ್ಲೊಂದು ಹೇಳುತ್ತಿತ್ತು.

ಹಾಗೆ ಹೇಳುತ್ತಿತ್ತು ಎಂದು ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಎಲ್ಲರೂ ತಿಳಿದುಕೊಂಡೆವು. ವರದಿಯಲ್ಲಿ ಇದ್ದದ್ದು ಎಷ್ಟು, ನಾವು ಓದಿಕೊಂಡದ್ದು ಎಷ್ಟು ಎಂದು ಬೇರ್ಪಡಿಸಲು ನನಗೆ ಒಂಬತ್ತು ದಿನ ಬೇಕಾಯಿತು.

ಆಸ್ಪತ್ರೆ ಕಾಸರಗೋಡು ಪೇಟೆಯಲ್ಲಿತ್ತು. ಹನ್ನೆರಡು ಹಾಸಿಗೆ, ಇಬ್ಬರು ಡಾಕ್ಟರು. ಈಗ ಆ ಆಸ್ಪತ್ರೆ ಇಲ್ಲ. ನಾನು ಅಲ್ಲಿ ಎರಡನೆಯ ಡಾಕ್ಟರು. ಹಿರಿಯರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ನಮ್ಮಲ್ಲಿ ಎಕ್ಸ್‌ರೇ ಯಂತ್ರ ಇರಲಿಲ್ಲ. ಎದೆಯ ಚಿತ್ರ ಬೇಕಾದವರಿಗೆ ಒಂದು ಚೀಟಿ ಬರೆದು ಕೊಟ್ಟು ರೈಲಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದೆವು. ಅಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದ ಎಕ್ಸ್‌ರೇ ಡಾಕ್ಟರೊಬ್ಬರು ಚಿತ್ರ ತೆಗೆದು, ನೋಡಿ, ವರದಿಯನ್ನು ಇಂಗ್ಲಿಷಿನಲ್ಲಿ ಅರ್ಧ ಹಾಳೆಯ ಮೇಲೆ ಟೈಪ್ ಮಾಡಿಸಿ ಅಂಚೆಗೆ ಹಾಕುತ್ತಿದ್ದರು. ಫಿಲ್ಮ್ ಮಾತ್ರ ಅವರ ಕಪಾಟಿನಲ್ಲೇ ಉಳಿಯುತ್ತಿತ್ತು. ಅದನ್ನು ಹಿಡಿದು ನೋಡುವ ದೀಪದ ಪೆಟ್ಟಿಗೆ ನಮ್ಮಲ್ಲಿರಲಿಲ್ಲ. ನಮ್ಮ ಗೋಡೆಯ ತೇವಕ್ಕೆ ಒಂದು ಮಳೆಗಾಲದಲ್ಲಿ ಫಿಲ್ಮ್‌ಗಳಿಗೆಲ್ಲ ಬೂಷ್ಟು ಹಿಡಿದ ಮೇಲೆ ಯಾರೂ ಕೇಳಿ ತರಿಸಿಕೊಂಡಿರಲಿಲ್ಲ.

ಹೀಗಾಗಿ ಒಂದು ಕ್ರಮ ಬೆಳೆದಿತ್ತು. ಲಕೋಟೆ ಬಂದ ಕೂಡಲೇ ಗುಮಾಸ್ತರು ಅದನ್ನು ಒಡೆದು, ಪ್ರತಿ ವರದಿಯ ಕೊನೆಯ ಪ್ಯಾರಾವನ್ನು ನೋಡಿ, ಅದರ ಸಾರವನ್ನು ಕೆಂಪು ಶಾಯಿಯಲ್ಲಿ ರಿಜಿಸ್ಟರಿಗೆ ಇಳಿಸುತ್ತಿದ್ದರು. ರಿಜಿಸ್ಟರಿನ ಆ ಅಂಕಣ ಎರಡು ಬೆರಳಿನಷ್ಟು ಅಗಲ. ಅದರಲ್ಲಿ ಹಿಡಿದಷ್ಟೇ ರೋಗ. ದೊಡ್ಡ ಡಾಕ್ಟರು ರಿಜಿಸ್ಟರ್ ನೋಡುತ್ತಿದ್ದರು, ನಾನೂ ಬಹುಮಟ್ಟಿಗೆ ಅದನ್ನೇ ನೋಡುತ್ತಿದ್ದೆ. ವರದಿಗಳನ್ನು ದಾರಕ್ಕೆ ಪೋಣಿಸಿ ಮೊಳೆಗೆ ತೂಗಹಾಕುತ್ತಿದ್ದರು.

ಆ ಸೋಮವಾರ ಟೀಚರ ಹೆಸರಿನ ಮುಂದೆ ಗುಮಾಸ್ತರು ಬರೆದದ್ದು: ‘ಟಿ.ಬಿ., ಎಡ.’

ದೊಡ್ಡ ಡಾಕ್ಟರು ಅದರ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು. "ಇವರು ಶಾಲೆಯವರಲ್ವಾ? ಸರ್ಟಿಫಿಕೇಟು ಕೇಳಿಕೊಂಡು ಬಂದವರು?"

"ಹೌದು."

"ಹಾಗಾದ್ರೆ ಶಾಲೆಗೆ ಇವತ್ತೇ ಒಂದು ಕಾಗದ ಬರೀರಿ. ಮಕ್ಕಳಿರುವ ಜಾಗ. ತಡ ಮಾಡ್ಲಿಕ್ಕಿಲ್ಲ."

ಆ ಕಾಗದದ ಅರ್ಥ ನನಗೆ ಗೊತ್ತಿತ್ತು. ಅವರದು ತಾತ್ಕಾಲಿಕ ನೇಮಕ. ಫೆಬ್ರವರಿ ಮುಗಿಯುವ ಮೊದಲು ಆರೋಗ್ಯದ ಸರ್ಟಿಫಿಕೇಟು ಕೊಟ್ಟರೆ ಖಾಯಂ ಆಗುವುದಿತ್ತು. ಕೊಡದಿದ್ದರೆ ಪಟ್ಟಿಯಲ್ಲಿ ಅವರ ನಂತರದ ಹೆಸರಿನವರಿಗೆ ಆ ಜಾಗ. ಕ್ಷಯ ಎಂದು ಒಮ್ಮೆ ಕಾಗದದಲ್ಲಿ ಬಂದರೆ, ಗುಣವಾಗಿ ಬಂದವರನ್ನು ಕೂಡ ತರಗತಿಯೊಳಗೆ ಬಿಡಲು ಊರು ಒಪ್ಪುತ್ತಿರಲಿಲ್ಲ. ಅದನ್ನು ನಾನು ಎರಡು ಸಲ ನೋಡಿದ್ದೆ.

ಕಾಗದ ಬರೆಯಲು ಕೂತವನು ಅವರ ಕೇಸ್ ಶೀಟು ತರಿಸಿದೆ. ನನ್ನದೇ ಅಕ್ಷರ. ಆರು ವಾರದ ಕೆಮ್ಮು. ಸಂಜೆಯ ಜ್ವರ ಇಲ್ಲ. ತೂಕ ಇಳಿದಿಲ್ಲ. ಕಫವನ್ನು ಮೂರು ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆವು, ಮೂರು ಸಲವೂ ಕ್ಷಯದ ಕ್ರಿಮಿ ಸಿಕ್ಕಿರಲಿಲ್ಲ. ಸ್ಟೆತೊಸ್ಕೋಪಿನಲ್ಲಿ ಉಸಿರಾಟ ಸರಿ. ಇಷ್ಟರ ಎದುರು ಎರಡು ಬೆರಳಿನ ಅಂಕಣ. ಎರಡೂ ಒಂದೇ ಮನುಷ್ಯರದ್ದು ಎಂದು ಅನ್ನಿಸಲಿಲ್ಲ. ಎದ್ದುಹೋಗಿ ಮೊಳೆಯಿಂದ ವರದಿಯನ್ನು ಬಿಡಿಸಿ ತಂದೆ.

ವರದಿಯಲ್ಲಿ ಹನ್ನೊಂದು ಸಾಲುಗಳಿದ್ದವು. ಎಲುಬುಗಳು ಸರಿ. ಹೃದಯದ ಗಾತ್ರ ಸರಿ. ಬಲ ಶ್ವಾಸಕೋಶ ಸ್ವಚ್ಛ. ಎಡ ಭಾಗದ ಮೇಲುಗಡೆ ಚದುರಿದಂತೆ ಗಟ್ಟಿಯಾದ ನೆರಳುಗಳು. ಕೊನೆಯ ಪ್ಯಾರಾದಲ್ಲಿ ಎರಡು ವಾಕ್ಯ. ಮೊದಲನೆಯದರ ಅರ್ಥ: ಚೀಟಿಯಲ್ಲಿ ಸೂಚಿಸಿದ ಕ್ಷಯಕ್ಕೆ ಇದು ಹೊಂದುತ್ತದೆ. ಎರಡನೆಯದರ ಅರ್ಥ: ರೋಗಿಯ ಇತರ ಲಕ್ಷಣಗಳ ಜತೆ ಹೋಲಿಸಿ ನಿರ್ಧರಿಸುವುದು.

ಎರಡನೆಯ ವಾಕ್ಯ ರಿಜಿಸ್ಟರಿನಲ್ಲಿ ಹಿಡಿದಿರಲಿಲ್ಲ. ಹಳೆಯ ವರದಿಗಳನ್ನು ತಿರುವಿ ನೋಡಿದೆ. ಬಹಳಷ್ಟರಲ್ಲಿ ಆ ವಾಕ್ಯ ಇತ್ತು. ಅದನ್ನು ನಾವು ಕಾಗದದ ಕೊನೆಯ ‘ಇಂತಿ ತಮ್ಮ ವಿಶ್ವಾಸಿ’ಯ ಹಾಗೆ ದಾಟಿಹೋಗುತ್ತಿದ್ದೆವು. ಮೊದಲ ವಾಕ್ಯದ ‘ಚೀಟಿಯಲ್ಲಿ ಸೂಚಿಸಿದ’ ಎಂಬ ಮಾತು ಇನ್ನಷ್ಟು ಕುತೂಹಲ ಹುಟ್ಟಿಸಿತು. ಚೀಟಿ ಬರೆದವನು ನಾನು. ನಮ್ಮ ಪ್ರತಿಯಲ್ಲಿ ನೋಡಿದೆ. ‘ಕೆಮ್ಮು, ಆರು ವಾರ. ಕ್ಷಯ?’ ಅಷ್ಟೇ ಬರೆದಿದ್ದೆ. ಕಫದ ಫಲಿತಾಂಶ, ಜ್ವರವಿಲ್ಲದ್ದು, ತೂಕ, ಯಾವುದನ್ನೂ ಬರೆದಿರಲಿಲ್ಲ. ನನ್ನ ಪ್ರಶ್ನೆಯೇ ಮಂಗಳೂರಿಗೆ ಹೋಗಿ ಉತ್ತರದ ವೇಷದಲ್ಲಿ ವಾಪಸು ಬಂದಂತೆ ಕಂಡಿತು.

ಆದರೆ ಕಾಗದವನ್ನು ಸುಮ್ಮನೆ ತಡೆಹಿಡಿಯುವ ಧೈರ್ಯವೂ ನನಗಿರಲಿಲ್ಲ. ಹಿಂದಿನ ವರ್ಷ, ಕಫದಲ್ಲಿ ಏನೂ ಸಿಗದ ಒಬ್ಬ ಬೀಡಿ ಕೆಲಸದವನನ್ನು ಏನಿಲ್ಲ ಎಂದು ಹೇಳಿ ನಾನೇ ಮನೆಗೆ ಕಳಿಸಿದ್ದೆ. ಮೂರು ತಿಂಗಳಲ್ಲಿ ಅವನು ರಕ್ತ ಕಾರುತ್ತ ಬಂದ. ಅವನ ಮನೆಯಲ್ಲಿ ಇಬ್ಬರು ಮಕ್ಕಳಿಗೂ ಹಿಡಿದಿತ್ತು. ಈ ಟೀಚರ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರು.

ಮರುದಿನ, ಮಂಗಳವಾರ, ವರದಿ ಕೇಳಲು ಅವರೇ ಬಂದರು. ಜತೆಗೆ ಅಣ್ಣ. ಮುಳ್ಳೇರಿಯದಲ್ಲಿ ಚಹಾದಂಗಡಿ ಇಟ್ಟವರು. ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ. ಅಣ್ಣ ಕುರ್ಚಿಯಲ್ಲಿ ಕೂತರು, ಟೀಚರ್ ನಿಂತೇ ಇದ್ದರು.

"ಎಂತ ಉಂಟು ಡಾಕ್ಟ್ರೇ ಅದ್ರಲ್ಲಿ?" ಅಣ್ಣ ಕೇಳಿದರು.

"ಎಡಗಡೆ ಸ್ವಲ್ಪ ನೆರಳು ಕಾಣ್ತದೆ."

"ನೆರಳು ಅಂದ್ರೆ?"

ನಾನು ಉತ್ತರ ಹುಡುಕುವ ಮೊದಲೇ ಟೀಚರ್ ಹೇಳಿದರು: "ಟಿ.ಬಿ. ಅಂತ ಅಲ್ವಾ? ಹೇಳಿ ಡಾಕ್ಟ್ರೇ. ನಾನು ಮಕ್ಕಳಿಗೆ ಆರೋಗ್ಯದ ಪಾಠ ಮಾಡುವವಳು, ನನಗೆ ಗೊತ್ತುಂಟು."

"ಹಾಗೆ ಇರಬಹುದು ಅಂತ ಬರೆದಿದ್ದಾರೆ. ನನಗೆ ಇನ್ನೂ ಖಾತ್ರಿ ಇಲ್ಲ."

ಅಣ್ಣ ತಂಗಿಯ ಕಡೆ ತಿರುಗಿದರು. "ನಾನು ಹೇಳ್ಲಿಲ್ವಾ? ಈ ಸೀಮೆಸುಣ್ಣದ ಧೂಳು ತಿಂದು ತಿಂದು..."

"ಅಣ್ಣ, ನೀನು ದಿನಕ್ಕೆ ನೂರು ಲೋಟ ಚಹಾದ ಹೊಗೆ ಕುಡೀತಿ. ನಿನಗೆ ಎಂತ ಆಗಿದೆ?"

"ನನಗೆ ನಿನ್ನ ಚಿಂತೆ ಆಗಿದೆ, ಅದು ಸಾಕು."

ಟೀಚರ್ ನಗಲಿಲ್ಲ. "ಶಾಲೆಗೆ ಬರೆದಾಯ್ತಾ?" ಎಂದು ನನ್ನನ್ನು ಕೇಳಿದರು.

"ಇಲ್ಲ."

"ಬರೆದ್ರೆ ನನ್ನ ಕೆಲಸ ಹೋಯ್ತು. ಬರೆಯದೆ, ನನಗೆ ನಿಜವಾಗಿ ಇದ್ರೆ, ಮಕ್ಕಳಿಗೆ ಬಂತು. ಎರಡರಲ್ಲಿ ಒಂದು ಬೇಗ ಹೇಳಿ ಡಾಕ್ಟ್ರೇ. ನಡುವೆ ನಿಲ್ಲಿಸಬೇಡಿ."

ಅವರು ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದಾಗ ನಾನು ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಕೇಸ್ ಶೀಟು, ವರದಿ, ಚೀಟಿಯ ಪ್ರತಿ, ಮೂರನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟೆ. ಫಿಲ್ಮನ್ನು ನಾನೇ ಹೋಗಿ ನೋಡಿ ಬರುತ್ತೇನೆ, ಅಲ್ಲಿಯವರೆಗೆ ಶಾಲೆಗೆ ಕ್ಷಯ ಎಂದು ಬರೆಯುವುದು ಬೇಡ ಎಂದೆ.

"ನೀವು ನೋಡಿ ಎಂತ ಮಾಡ್ತೀರಿ? ಅವರು ಇಪ್ಪತ್ತು ವರ್ಷದಿಂದ ಅದನ್ನೇ ನೋಡುವವರು."

"ಅವರು ರೋಗಿಯನ್ನು ನೋಡ್ಲಿಲ್ಲ. ನಾವು ಫಿಲ್ಮ್ ನೋಡ್ಲಿಲ್ಲ. ಎರಡನ್ನೂ ನೋಡಿದವರು ಯಾರೂ ಇಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾರಾಯ್ರೆ, ಬೀಡಿಯವನ ನೆನಪು ಉಂಟಲ್ಲ ನಿಮಗೆ?"

"ಉಂಟು. ಅದಕ್ಕೇ ಅವರನ್ನು ಶಾಲೆಗೆ ಕಳಿಸುವುದಿಲ್ಲ. ಕೆಮ್ಮಿಗೆ ವಿಶ್ರಾಂತಿ ಅಂತ ರಜೆಯ ಚೀಟಿ ಕೊಡ್ತೇನೆ."

"ಎಷ್ಟು ದಿನ?"

"ಹತ್ತು."

"ಸರಿ. ಇವತ್ತು ಹತ್ತನೇ ತಾರೀಕು. ಇಪ್ಪತ್ತಕ್ಕೆ ನಾನೇ ಬರೀತೇನೆ. ಆಮೇಲೆ ನನ್ನ ಹತ್ತಿರ ಮಾತಿಲ್ಲ."

ಗುರುವಾರ ನನಗೆ ಬಿಡುವು. ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಹೋದೆ. ಎಕ್ಸ್‌ರೇ ಡಾಕ್ಟರ ವರದಿಗಳನ್ನು ನಾಲ್ಕು ವರ್ಷ ಓದಿದ್ದರೂ ಅವರ ಮುಖ ನೋಡಿದ್ದು ಅಂದೇ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಯಲ್ಲಿ, ಹಾಲುಗಾಜಿನ ದೀಪದ ಪೆಟ್ಟಿಗೆಯ ಮುಂದೆ ಕೂತಿದ್ದರು. ತಂತಿಯ ಮೇಲೆ ಆಗಷ್ಟೇ ತೊಳೆದ ಫಿಲ್ಮ್‌ಗಳು ನೀರು ತೊಟ್ಟಿಕ್ಕುತ್ತಿದ್ದವು.

ನಾನು ಬಂದ ಕಾರಣವನ್ನು, ನಮ್ಮ ರಿಜಿಸ್ಟರಿನ ಸಣ್ಣ ಅಂಕಣದ ಕತೆ ಸಹಿತ, ಹೇಳಿದೆ. ಅವರಿಗೆ ಬೇಸರವಾದಂತೆ ಕಾಣಲಿಲ್ಲ, ಆಶ್ಚರ್ಯವಾಗಿತ್ತು.

"ಕಾಸರಗೋಡಿನಿಂದ ಇಷ್ಟು ವರ್ಷದಲ್ಲಿ ಫಿಲ್ಮ್ ನೋಡ್ಲಿಕ್ಕೆ ಅಂತ ಬಂದದ್ದು ನೀವೇ ಮೊದಲು," ಎಂದು ಕಪಾಟಿನಿಂದ ಫಿಲ್ಮ್ ತೆಗೆದು ಗಾಜಿಗೆ ಸಿಕ್ಕಿಸಿದರು.

ಎಡ ಮೇಲ್ಭಾಗದಲ್ಲಿ ಬಿಳಿ ಮಚ್ಚೆಗಳು. ನನ್ನ ಕಣ್ಣಿಗೂ ಅದು ಕ್ಷಯವೇ. ಬಂದ ರೈಲು ಖರ್ಚು ದಂಡವಾಯಿತು ಎಂದುಕೊಂಡೆ. ಆದರೂ ತಂದಿದ್ದ ಕೇಸ್ ಶೀಟನ್ನು ಓದಿ ಹೇಳಿದೆ: ಮೂರು ಸಲ ಕಫ, ಜ್ವರ, ತೂಕ.

ಅವರು ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟರು. "ಇದನ್ನೆಲ್ಲ ಚೀಟಿಯಲ್ಲಿ ಬರೆಯಬೇಕಿತ್ತು ನೀವು."

"ಬರೆಯಲಿಲ್ಲ."

"ಯಾರೂ ಬರೆಯುವುದಿಲ್ಲ. ‘ಕ್ಷಯ?’ ಅಂತ ಕೇಳ್ತೀರಿ. ಆ ಜಾಗದಲ್ಲಿ ಮಚ್ಚೆ ಕಂಡರೆ ನಾನು ಹೌದು, ಹೊಂದುತ್ತದೆ ಅಂತೇನೆ. ಇದು ನ್ಯುಮೋನಿಯವೋ ಅಂತ ಕೇಳಿದ್ರೆ ಬೇರೆ ಕಡೆಯಿಂದ ನೋಡ್ತಿದ್ದೆ." ಫಿಲ್ಮಿನತ್ತ ತಿರುಗಿ ಸೇರಿಸಿದರು: "ಕೇಳದಿದ್ರೂ ಕಷ್ಟ. ಎಂತ ಹುಡುಕುವುದು ಅಂತ ಗೊತ್ತಿಲ್ಲದೆ ನೋಡಿದ್ರೆ ಇರುವುದೂ ಕಾಣುವುದಿಲ್ಲ."

ಅವರು ಮತ್ತೆ ನೋಡತೊಡಗಿದರು. ಈ ಸಲ ನೋಡಿದ ಕ್ರಮವನ್ನು ನಾನು ಗಮನಿಸಿದೆ. ಮಚ್ಚೆಗಳನ್ನು ಬಿಟ್ಟು ಅವುಗಳ ಸುತ್ತ ನೋಡಿದರು. ಒಂದು ರಟ್ಟಿನ ತುಂಡಿನಲ್ಲಿ ಸಣ್ಣ ತೂತು ಮಾಡಿ, ಉಳಿದದ್ದನ್ನೆಲ್ಲ ಮುಚ್ಚಿ, ಅಂಗುಲ ಅಂಗುಲವಾಗಿ ಸರಿಸಿದರು. ಒಂದು ಕಡೆ ರಟ್ಟು ನಿಂತಿತು.

"ಇಲ್ಲಿ ಬನ್ನಿ. ಶ್ವಾಸಕೋಶದ ಅಂಚು ಎಲ್ಲಿ ಮುಗಿಯಿತು?"

ತೋರಿಸಿದೆ.

"ಮಚ್ಚೆ ಎಲ್ಲಿ ಮುಗಿಯಿತು?"

ಕೊನೆಯ ಎರಡು ಮಚ್ಚೆಗಳು ಅಂಚನ್ನು ದಾಟಿ ಆಚೆ, ಕಂಕುಳಿನ ಮಾಂಸದ ಮೇಲೆ ಬಿದ್ದಿದ್ದವು. ಶ್ವಾಸಕೋಶದ ರೋಗ ಶ್ವಾಸಕೋಶದ ಹೊರಗೆ ಹೋಗಿ ಕೂರುವುದಿಲ್ಲ.

"ಇನ್ನೊಂದು," ಎಂದರು. "ಮುಂದಿನ ಪಕ್ಕೆಲುಬಿನ ಗೆರೆ ಚೂಪು ಉಂಟು. ಮಚ್ಚೆಯ ಅಂಚು ಮಬ್ಬು. ಎದೆ ಫಿಲ್ಮ್‌ಗೆ ಒತ್ತಿ ನಿಲ್ಲಿಸ್ತೇವೆ, ಬೆನ್ನ ಹಿಂದಿನಿಂದ ಕಿರಣ ಬಿಡ್ತೇವೆ. ಫಿಲ್ಮ್‌ನಿಂದ ದೂರ ಇದ್ದದ್ದು ಮಬ್ಬಾಗ್ತದೆ. ಇದು ಬೆನ್ನಿನ ಕಡೆಯದ್ದು. ಬಹುಶಃ ಬೆನ್ನಿನ ಮೇಲಿನದ್ದೇ."

ಹೆಂಗಸರನ್ನು ಚಿತ್ರಕ್ಕೆ ಸಿದ್ಧಪಡಿಸುವ ಆಯಾಳನ್ನು ಕರೆಸಿದರು. ಕಳೆದ ವಾರ ಮುಳ್ಳೇರಿಯದಿಂದ ಬಂದ ಟೀಚರ್ ನೆನಪುಂಟಾ ಎಂದು ಕೇಳಿದರು.

"ಉಂಟು ಡಾಕ್ಟ್ರೇ. ಸರ ತೆಗೆಸಿದೆ, ಪಿನ್ನು ತೆಗೆಸಿದೆ, ಜಡೆ ಮೇಲೆ ಕಟ್ಟಿಸಿದೆ. ಎಲ್ಲ ಮಾಡಿದ್ದೇನೆ."

"ಬೆನ್ನಿನಲ್ಲಿ ಎಂತಾದ್ರೂ ಇತ್ತಾ?"

"ಕೆಂಪು ಮದ್ದು ಹಚ್ಚಿದ್ರು. ಒಣಗಿತ್ತು."

"ಅದನ್ನು ಯಾಕೆ ಹೇಳಲಿಲ್ಲ ನೀನು?"

"ನೀವು ಲೋಹ ತೆಗೆಸ್ಲಿಕ್ಕೆ ಹೇಳಿದ್ದು. ಮದ್ದು ಲೋಹವಾ?"

ಎಕ್ಸ್‌ರೇ ಡಾಕ್ಟರು ನನ್ನ ಮುಖ ನೋಡಿದರು. ಕೆಂಪು ಮದ್ದು ಎಂದ ಕೂಡಲೇ ಇಬ್ಬರಿಗೂ ನಾಟಿ ಲೇಪಗಳಲ್ಲಿ ಹಾಕುವ ಸಿಂಧೂರ ನೆನಪಾಗಿತ್ತು. ಸಿಂಧೂರ ಎಂದರೆ ಸೀಸದ ಭಸ್ಮ. ಎಕ್ಸ್‌ರೇ ಕಿರಣ ದಾಟದಿರಲೆಂದು ಅವರ ಕ್ಲಿನಿಕ್ಕಿನ ಬಾಗಿಲಿಗೆ ಬಡಿದದ್ದೂ ಸೀಸದ ತಗಡೇ. ಕಿರಣ ತಡೆದ ಜಾಗ ಫಿಲ್ಮಿನಲ್ಲಿ ಬಿಳಿಯಾಗಿ ಉಳಿಯುತ್ತದೆ.

ಮುಳ್ಳೇರಿಯಕ್ಕೆ ಸುದ್ದಿ ಕಳಿಸುವ ಬೇಗದ ದಾರಿ ಬಸ್ ಕಂಡಕ್ಟರು. ಶುಕ್ರವಾರ ಬೆಳಿಗ್ಗೆ ಒಂದು ಚೀಟಿ ಬರೆದು ಅಣ್ಣನ ಚಹಾದಂಗಡಿಗೆ ಕೊಡಲು ಹೇಳಿದೆ: ಬೆನ್ನಿಗೆ ಹಚ್ಚಿದ ಮದ್ದನ್ನು ತೊಳೆಯದೆ ಬರಬೇಕು, ಮದ್ದು ಉಳಿದಿದ್ದರೆ ಅದನ್ನೂ ತರಬೇಕು. ಶನಿವಾರ ಇಬ್ಬರೂ ಬಂದರು. ಅಣ್ಣನ ಕೈಯಲ್ಲಿ ಬಾಳೆಲೆ ಮುಚ್ಚಿದ ತೆಂಗಿನ ಚಿಪ್ಪಿನ ಗೆರಟೆ, ಅದರೊಳಗೆ ಉಳಿದ ಮದ್ದು.

ಇಲ್ಲಿ ನನ್ನ ಒಂದು ತಪ್ಪನ್ನು ದಾಖಲಿಸಬೇಕು. ನಾನು ಅವರ ಎದೆ, ಬೆನ್ನು ಪರೀಕ್ಷಿಸಿದ್ದೆ ಎಂದು ಕೇಸ್ ಶೀಟಿನಲ್ಲಿ ಇದೆ. ಪರೀಕ್ಷಿಸಿದ್ದು ರವಿಕೆಯ ಮೇಲಿನಿಂದ. ಹೆಂಗಸರಾದರೆ ಬಟ್ಟೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಕೇಳುವುದೇ ನಮ್ಮಲ್ಲಿ ರೂಢಿಯಾಗಿತ್ತು. ಅವರಿಗೂ ಸಂಕೋಚವಿಲ್ಲ, ನಮಗೂ ಬೇಗ ಮುಗಿಯಿತು. ಆ ಶನಿವಾರ ಮರೆ ಕಟ್ಟಿಸಿ, ನರ್ಸಮ್ಮನನ್ನು ಜತೆಗಿಟ್ಟುಕೊಂಡು ಬೆನ್ನು ನೋಡಿದೆ. ಎಡ ಹೆಗಲಮೂಳೆಯ ಸುತ್ತ ಅಂಗೈಯಷ್ಟು ಜಾಗದಲ್ಲಿ ಕೆಂಪು ಲೇಪ ಒಣಗಿ, ಬೇಸಗೆಯ ಗದ್ದೆಯ ಹಾಗೆ ಬಿರುಕುಬಿಟ್ಟಿತ್ತು. ಒಂದು ಬದಿ ಕಂಕುಳಿನವರೆಗೂ ಹರಡಿತ್ತು.

"ಎಷ್ಟು ದಿನದಿಂದ ಹಚ್ತಾ ಇದ್ದೀರಿ?"

"ಒಂದು ತಿಂಗಳು. ಕೆಮ್ಮಿ ಕೆಮ್ಮಿ ಬೆನ್ನು ಹಿಡಿದುಕೊಂಡಿತ್ತು. ದೇಲಂಪಾಡಿ ಕಡೆಯ ಒಬ್ಬರು ನಾಟಿ ವೈದ್ಯರ ಹತ್ತಿರದಿಂದ ಅಣ್ಣ ತಂದದ್ದು."

"ನನಗೆ ಯಾಕೆ ಹೇಳಲಿಲ್ಲ?"

ಮರೆಯ ಆಚೆಯಿಂದ ಅಣ್ಣ ಹೇಳಿದರು: "ಹೇಳಿದ್ರೆ ನೀವು ಬೈತೀರಲ್ಲ ಮಾರಾಯ್ರೆ! ಹೋದ ವರ್ಷ ನಮ್ಮ ಚಿಕ್ಕಮ್ಮ ಕಾಲಿಗೆ ನಾಟಿ ಮದ್ದು ಕಟ್ಟಿಕೊಂಡು ಬಂದದ್ದಕ್ಕೆ ಇಡೀ ಆಸ್ಪತ್ರೆ ಕೇಳುವ ಹಾಗೆ ಬೈದಿದ್ದೀರಿ. ಈಗ ಮದ್ದು ತನ್ನಿ ಅಂತ ಚೀಟಿ ಕಳಿಸ್ತೀರಿ. ನಿಮ್ಮನ್ನು ನಂಬುವುದು ಹೇಗೆ?"

ಚಿಕ್ಕಮ್ಮನ ವಿಷಯ ನಿಜ. ನನಗೆ ನೆನಪಿತ್ತು.

ಲೇಪವನ್ನು ತೆಗೆಯುವುದು ಸುಲಭವಾಗಲಿಲ್ಲ. ಅದರಲ್ಲಿ ಜೇನುಮೇಣ ಇತ್ತು. ಬಿಸಿ ಎಣ್ಣೆ ಹಚ್ಚಿ ಒರೆಸಿ, ಕಡಲೆಹಿಟ್ಟಿನಲ್ಲಿ ತಿಕ್ಕಿ ತೊಳೆಯಬೇಕು, ದಿನಕ್ಕೆ ಎರಡು ಸಲ, ಮತ್ತೆ ಹಚ್ಚಬಾರದು, ಸೀಸ ಮೈಗೆ ವಿಷ ಎಂದು ಹೇಳಿ ಕಳಿಸಿದೆ. ಗೆರಟೆಯನ್ನು ನನ್ನಲ್ಲೇ ಇಟ್ಟುಕೊಂಡೆ.

ಹದಿನೇಳನೆಯ ತಾರೀಕು, ಮಂಗಳವಾರ, ರಜೆ ಹಾಕಿ ಅವರಿಬ್ಬರ ಜತೆ ನಾನೂ ಮಂಗಳೂರಿಗೆ ಹೋದೆ. ಎಕ್ಸ್‌ರೇ ಡಾಕ್ಟರು ಗೆರಟೆಯನ್ನು ಮೂಸಿ ನೋಡಿ, ಬೆರಳಲ್ಲಿ ತಿಕ್ಕಿ ನೋಡಿ, ಒಂದು ಕೆಲಸ ಮಾಡಿದರು. ಲೇಪವನ್ನು ದಪ್ಪ ಕಾಗದದ ಮೇಲೆ ಸವರಿ ದೀಪದ ಶಾಖಕ್ಕೆ ಹಿಡಿದು ಒಣಗಿಸಿದರು. ಕತ್ತರಿಸಿ ಉಳಿದಿದ್ದ ಫಿಲ್ಮಿನ ಒಂದು ಪಟ್ಟಿಯನ್ನು ಕಪ್ಪು ಕಾಗದದಲ್ಲಿ ಸುತ್ತಿ, ಅದರ ಮೇಲೆ ಈ ಕಾಗದವನ್ನಿಟ್ಟು ಕಿರಣ ಬಿಟ್ಟರು. ಪಟ್ಟಿ ತೊಳೆದು ಬಂದಾಗ ನಾವು ಇಬ್ಬರು ಡಾಕ್ಟರೂ ದೀಪದ ಪೆಟ್ಟಿಗೆಯ ಮುಂದೆ ಬಗ್ಗಿದ್ದೆವು. ಅಣ್ಣನೂ ಬಗ್ಗಿದ್ದರು, ಯಾರೂ ಅವರನ್ನು ತಡೆಯಲಿಲ್ಲ. ಬಿರುಕುಬಿಟ್ಟ ಬಿಳಿ ಮಚ್ಚೆಗಳು. ಹಳೆಯ ಫಿಲ್ಮಿನ ಪಕ್ಕ ಹಿಡಿದಾಗ ಒಂದೇ ಕೈಬರಹದ ಎರಡು ಪುಟದ ಹಾಗಿತ್ತು.

"ಅಂದ್ರೆ ರೋಗ ನನ್ನ ಗೆರಟೆಯಲ್ಲಿ ಇದ್ದದ್ದಾ?" ಅಣ್ಣ ಕೇಳಿದರು.

"ಮಚ್ಚೆ ಗೆರಟೆಯಲ್ಲಿ ಇದ್ದದ್ದು," ಎಕ್ಸ್‌ರೇ ಡಾಕ್ಟರು ತಿದ್ದಿದರು. "ಒಳಗೆ ರೋಗ ಉಂಟಾ ಇಲ್ವಾ ಅಂತ ಈ ಪಟ್ಟಿ ಹೇಳುವುದಿಲ್ಲ. ಅದರ ಹಿಂದೆ ಎಂತ ಅಡಗಿದೆಯೋ."

ಆಮೇಲೆ ಎದೆಯ ಹೊಸ ಚಿತ್ರ ತೆಗೆದರು. ಫಲಿತಾಂಶ ನಾನು ಎಣಿಸಿದಂತೆ ಬರಲಿಲ್ಲ. ದೊಡ್ಡ ಮಚ್ಚೆಗಳು ಹೋಗಿದ್ದವು; ಆದರೆ ಅದೇ ಜಾಗದಲ್ಲಿ ಹಿಟ್ಟು ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು ಉಳಿದಿದ್ದವು. ಮೂರು ದಿನದ ತಿಕ್ಕಾಟಕ್ಕೂ ಚರ್ಮದ ಗೆರೆಗಳಲ್ಲಿ ಲೇಪ ಉಳಿದಿರಬಹುದು. ಅಥವಾ ಅದು ಕ್ಷಯದ ಆರಂಭವಿರಬಹುದು. ಇನ್ನೂ ಒಂದು ವಾರ ತೊಳೆದು ಬರುವುದಾದರೆ ಇಪ್ಪತ್ತನೆಯ ತಾರೀಕು ದಾಟಿಹೋಗುತ್ತಿತ್ತು.

ಟೀಚರ್ ಬಾಗಿಲಲ್ಲಿ ನಿಂತಿದ್ದರು. "ಇನ್ನೂ ಉಂಟಾ?" ಎಂದರು.

ಎಕ್ಸ್‌ರೇ ಡಾಕ್ಟರು ಕೆಲಹೊತ್ತು ಫಿಲ್ಮ್ ನೋಡುತ್ತ ಕೂತರು. ನಂತರ ಎದ್ದು ಟೀಚರನ್ನು ಮತ್ತೆ ಒಳಗೆ ಕರೆದರು. ಈ ಸಲ ನೇರವಾಗಿ ನಿಲ್ಲಿಸದೆ, ಎಡ ಹೆಗಲನ್ನು ಫಿಲ್ಮಿಗೆ ತಾಗಿಸಿ ಓರೆಯಾಗಿ ನಿಲ್ಲಿಸಿದರು. ಕಾರಣ ಕೇಳಿದೆ.

"ನೀವು ಒಂದು ಪೆಟ್ಟಿಗೆಯ ಒಳಗೆ ಒಂದು ಗೋಲಿ ಇಡಿ, ಹೊರಗೆ ಒಂದು ಗೋಲಿ ಅಂಟಿಸಿ. ಎದುರಿನಿಂದ ನೋಡಿದ್ರೆ ಎರಡೂ ಪೆಟ್ಟಿಗೆಯಲ್ಲೇ ಇರುವ ಹಾಗೆ ಕಾಣ್ತದೆ. ಪೆಟ್ಟಿಗೆ ತಿರುಗಿಸಿ. ಹೊರಗಿನದ್ದು ಹೊರಗೆ ಬರ್ತದೆ."

ಓರೆಯ ಚಿತ್ರ ಇನ್ನೂ ಒದ್ದೆಯಿರುವಾಗಲೇ ತಂದು ಗಾಜಿಗೆ ಹಿಡಿದರು. ಹಿಟ್ಟಿನಂಥ ಚುಕ್ಕೆಗಳು ಒಟ್ಟಾಗಿ ಶ್ವಾಸಕೋಶದಿಂದ ಆಚೆ ಸರಿದು, ಬೆನ್ನಿನ ಚರ್ಮದ ಗೆರೆಯ ಮೇಲೆ ಸಾಲಾಗಿ ಕೂತಿದ್ದವು. ಒಳಗೆ ಒಂದೇ ಒಂದು ಉಳಿಯಿತು. ಶ್ವಾಸಕೋಶದ ಬುಡದ ಹತ್ತಿರ, ಹೆಸರುಕಾಳಿಗಿಂತ ಚಿಕ್ಕದು, ಸುಣ್ಣದ ಹಾಗೆ ಗಟ್ಟಿ ಬಿಳಿ.

"ಇದು ಒಳಗಿನದ್ದೇ," ಎಂದರು. "ಹಳೆಯದು. ಎಂದೋ ಬಂದು ತಾನೇ ವಾಸಿಯಾಗಿ ಸುಣ್ಣಗಟ್ಟಿದ್ದು. ನಿಮ್ಮದೋ ನನ್ನದೋ ಎದೆಯ ಚಿತ್ರ ತೆಗೆದರೂ ಒಂದು ಸಿಕ್ಕೀತು. ಇದರಿಂದ ಈಗ ಯಾರಿಗೂ ಹರಡುವುದಿಲ್ಲ."

"ವರದಿಯಲ್ಲಿ ಬರೀತೀರಾ?"

"ಕಂಡದ್ದನ್ನು ಬರೆಯದೆ ಇರ್ಲಿಕ್ಕೆ ಆಗ್ತದಾ?" ಎಂದು ಅವರು ಟೈಪಿಸ್ಟನ್ನು ಕರೆಯಲು ಹೊರಟವರು ನಿಂತರು. "ನಿಮ್ಮ ರಿಜಿಸ್ಟರಿನಲ್ಲಿ ಎಷ್ಟು ಶಬ್ದ ಹಿಡೀತದೆ ಅಂದ್ರಿ?"

"ಮೂರು. ಹೆಚ್ಚೆಂದ್ರೆ ನಾಲ್ಕು."

ಅವರು ಅರ್ಧ ಗಂಟೆ ಕೂತು ವರದಿ ಬರೆದರು. ಲೇಪದ ವಿಷಯ, ಓರೆಯ ಚಿತ್ರದ ವಿಷಯ, ಹಳೆಯ ಚುಕ್ಕೆಯ ವಿಷಯ ಎಲ್ಲ ಮೇಲಿನ ಪ್ಯಾರಾಗಳಲ್ಲಿ. ಮೊದಲಿನ ವರದಿ ರದ್ದು ಎಂದು ಒಂದು ಪ್ಯಾರಾ. ಕೊನೆಯ ಸಾಲು ಇಂಗ್ಲಿಷಿನಲ್ಲಿ ನಾಲ್ಕೇ ಶಬ್ದ. ಅರ್ಥ, ಸಕ್ರಿಯ ಕ್ಷಯ ಇಲ್ಲ ಎಂದು. ಮೂರು ಫಿಲ್ಮ್‌ಗಳನ್ನೂ ರಟ್ಟಿನ ನಡುವೆ ಕಟ್ಟಿ ನನ್ನ ಕೈಗೆ ಕೊಟ್ಟರು. ರಸೀದಿಗೆ ಸಹಿ ಹಾಕಿದೆ.

ಬುಧವಾರ ಬೆಳಿಗ್ಗೆ ದೊಡ್ಡ ಡಾಕ್ಟರು ವರದಿಯನ್ನು ಓದಿದರು. ಮೊದಲು ಕೊನೆಯ ಸಾಲನ್ನೇ ಓದಿದರು, ಅಭ್ಯಾಸ. ಆಮೇಲೆ ಮೇಲಿನಿಂದ ಓದಿಕೊಂಡು ಬಂದರು. ನಡುವೆ ಒಂದು ಕಡೆ ಬೆರಳು ನಿಂತಿತು.

"ಇದೆಂತ ಚುಕ್ಕೆ?"

"ಹಳೆಯದು. ಸುಣ್ಣಗಟ್ಟಿದ್ದು."

"ಫಿಲ್ಮ್ ಎಲ್ಲಿ?"

ಅವರು ಫಿಲ್ಮ್ ಕೇಳಿದ್ದು ಅದೇ ಮೊದಲು. ಹೊರಗೆ ಜಗಲಿಗೆ ಬಂದು, ಒಂದೊಂದನ್ನೇ ಆಕಾಶಕ್ಕೆ ಹಿಡಿದು ನೋಡಿದರು. ಕಾಯುತ್ತಿದ್ದ ರೋಗಿಗಳೂ ಕತ್ತೆತ್ತಿ ನೋಡಿದರು. ಓರೆಯ ಚಿತ್ರದಲ್ಲಿ ಚರ್ಮದ ಮೇಲಿನ ಸಾಲನ್ನು ತೋರಿಸಿದಾಗ ಒಮ್ಮೆ "ಅರೆ" ಎಂದರು. ಚುಕ್ಕೆಯನ್ನು ಬಹಳ ಹೊತ್ತು ನೋಡಿದರು. ಒಳಗೆ ಬಂದು, ಅಣ್ಣನ ಜತೆ ಬಂದು ಬೆಂಚಿನಲ್ಲಿ ಕಾಯುತ್ತಿದ್ದ ಟೀಚರನ್ನು ತಾವೇ ಪರೀಕ್ಷಿಸುವುದಾಗಿ ಹೇಳಿ, ನರ್ಸಮ್ಮನನ್ನು ಕರೆದು ಮರೆ ಕಟ್ಟಿಸಿದರು. ಕಾಲು ಗಂಟೆ ಕೇಳಿದರು. ಹೊರಗೆ ಬಂದವರು ಕೈ ತೊಳೆಯುತ್ತ ನನಗೆ ಹೇಳಿದ್ದು ಇಷ್ಟು:

"ಸರ್ಟಿಫಿಕೇಟಿಗೆ ನಾನು ಸಹಿ ಹಾಕ್ತೇನೆ. ಆದ್ರೆ ವರ್ಷಕ್ಕೊಮ್ಮೆ ಫಿಲ್ಮ್ ಆಗಬೇಕು. ಚುಕ್ಕೆ ಬೆಳೆದ್ರೆ ಆ ದಿನವೇ ಶಾಲೆ ಬಿಡಬೇಕು. ಒಪ್ಪಿಗೆಯಾ ಅಂತ ಕೇಳಿ."

ಟೀಚರ್ ಅಲ್ಲೇ ಇದ್ದರು. "ಒಪ್ಪಿಗೆ. ಆದ್ರೆ ಫಿಲ್ಮ್ ನನಗೂ ತೋರಿಸಬೇಕು ಡಾಕ್ಟ್ರೇ. ನನ್ನದೇ ಅಲ್ವಾ?" ಎಂದರು.

"ನಿಮಗೆ ಅರ್ಥ ಆಗ್ತದಾ?"

"ನಿಮಗೆ ಇವತ್ತು ಆಯ್ತಲ್ಲ."

ಅಣ್ಣ ತಂಗಿಯ ಕೈ ಹಿಡಿದೆಳೆದರು. ದೊಡ್ಡ ಡಾಕ್ಟರು ಮಾತ್ರ ನಕ್ಕು, ಸರ್ಟಿಫಿಕೇಟಿನ ಫಾರ್ಮು ತರಲು ಗುಮಾಸ್ತರಿಗೆ ಹೇಳಿದರು.

ಆ ವಾರದಿಂದ ವರದಿಗಳನ್ನು ಮೊಳೆಗೆ ಪೋಣಿಸುವ ಮೊದಲು ನನ್ನ ಮೇಜಿಗೆ ತರಬೇಕೆಂದು ಹೇಳಿದೆ. ರಿಜಿಸ್ಟರಿನ ಅಂಕಣ ಅಚ್ಚಾದದ್ದು, ಅಗಲವಾಗಲಿಲ್ಲ. ಗುಮಾಸ್ತರು ಅದರಲ್ಲಿ ‘ವರದಿ ನೋಡಿ’ ಎಂದು ಬರೆಯತೊಡಗಿದರು. ಚೀಟಿಯಲ್ಲಿ ‘ಕ್ಷಯ?’ ಎಂದು ಬರೆಯುವುದನ್ನು ನಾನು ನಿಲ್ಲಿಸಲಿಲ್ಲ. ಪ್ರಶ್ನೆಯಿಲ್ಲದೆ ನೋಡಿದರೆ ಇರುವುದೂ ಕಾಣದು ಎಂಬ ಮಾತು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ. ಪ್ರಶ್ನೆಯ ಕೆಳಗೆ ನಮಗೆ ಸಿಕ್ಕಿದ್ದು, ಸಿಗದದ್ದು ಎರಡನ್ನೂ ಬರೆಯುತ್ತೇನೆ. ನಾಟಿ ಮದ್ದು ಹಚ್ಚಿದವರನ್ನು ಬೈಯುವುದನ್ನು ಬಿಟ್ಟೆ ಎಂದು ಹೇಳಲಾರೆ. ಮದ್ದು ಯಾವುದು ಎಂದು ಕೇಳಿಕೊಂಡ ಮೇಲೆ ಬೈಯುತ್ತೇನೆ.

ಟೀಚರ ಕೆಮ್ಮು ಮಾರ್ಚ್ ತಿಂಗಳಲ್ಲಿ ನಿಂತಿತು. ಅದಕ್ಕೆ ಕಾರಣ ಏನಿತ್ತೆಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಏಪ್ರಿಲಿನಲ್ಲಿ ಅವರ ನೇಮಕ ಖಾಯಂ ಆಯಿತು. ೧೯೫೪, ೫೫ ಮತ್ತು ೫೬ರ ಫೆಬ್ರವರಿಗಳಲ್ಲಿ ಅವರು ಮಂಗಳೂರಿಗೆ ಹೋಗಿ ಚಿತ್ರ ತೆಗೆಸಿಕೊಂಡರು. ೧೯೫೬ರ ಫಿಲ್ಮಿನಲ್ಲಿ ಚುಕ್ಕೆ ಮೊದಲಿನಷ್ಟೇ ಇತ್ತು. ಅದನ್ನು ಅಳೆದವರು ಅವರೇ, ಶಾಲೆಯಿಂದ ತಂದ ಅಡಿಪಟ್ಟಿಯಲ್ಲಿ.